ಕಾಲವೂ ಪ್ರಾರ್ಥನೆಯೂ

(ಶತಮಾನೋತ್ಸವದ ಸಿದ್ಧತೆಗಾಗಿ ಏರ್ಪಡಿಸಿದ್ದ ಧ್ಯಾನಕೂಟದಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸ)



ನಮ್ಮ ದೇವಾಲಯದ ಶತಮಾನೋತ್ಸವದ ನಿಮಿತ್ತ ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯವರು ನಮ್ಮನ್ನು ಕೇಳಿಕೊಂಡಾಗ, ಕಳೆದ ನೂರು ವರ್ಷಗಳ ಚರಿತ್ರೆಯನ್ನು ನಾವು ಹೇಳುವೆವೆಂದು ಅವರು ನಿರೀಕ್ಷಿಸಿದ್ದಿರಬೇಕು. ಆ ಕಾರ್ಯವನ್ನು ನಮಗಿಂತ ಚೆನ್ನಾಗಿ ಮಾಡಬಲ್ಲ ಹಿರಿಯರು ನಿಮ್ಮ ನಡುವೆಯೇ ಇದ್ದಾರೆ. ಹೆಂಚು ಹೊದಿಸಿದ್ದು ಯಾವಾಗ, ಗಂಟೆ ಬಂದದ್ದು ಹೇಗೆ, ಯಾವ ಗುರುಗಳು ಸೈಕಲ್ಲಿನಲ್ಲಿ ಓಡಾಡುತ್ತಿದ್ದರು ಎಂಬುದನ್ನೆಲ್ಲ ಅವರು ಬಲ್ಲರು, ಬರೆಯುವರು. ನಾವು ಇಂದು ಆ ನೂರು ವರ್ಷಗಳೊಳಗಿನ ಸಂಗತಿಗಳನ್ನು ಬಿಟ್ಟು, ‘ನೂರು ವರ್ಷ’ ಎಂಬ ಮಾತನ್ನೇ ಕೈಗೆತ್ತಿಕೊಳ್ಳುತ್ತೇವೆ. ಕಾಲವೆಂದರೇನು? ಪ್ರಾರ್ಥಿಸುವವನಿಗೆ ಅದು ಬೇರೆಯಾಗಿ ಕಾಣುವುದೇ? ಕಾಣುವುದಾದರೆ ಹೇಗೆ?

ನಮ್ಮ ಹಿಂಡಲಗಾದಲ್ಲಿ ನೂರು ತುಂಬಿದ ಸಂಸ್ಥೆ ನಮ್ಮದೊಂದೇ ಅಲ್ಲ. 1923ರಲ್ಲಿ ಸ್ಥಾಪಿತವಾದ ಕೇಂದ್ರ ಕಾರಾಗೃಹಕ್ಕೂ ನೂರು ತುಂಬಿದೆ. ಕರ್ನಾಟಕದ ಯಾವ ಮೂಲೆಗೆ ಹೋದರೂ ನಮ್ಮೂರಿನ ಹೆಸರು ಹೇಳಿದೊಡನೆ ಜನರು ಒಂದು ಕ್ಷಣ ನಮ್ಮ ಮುಖವನ್ನು ನೋಡುತ್ತಾರೆ. ಅವರ ಮನಸ್ಸಿಗೆ ಬರುವುದು ದೇವಾಲಯವೂ ಅಲ್ಲ, ಇಲ್ಲಿನ ಹೊಲಗದ್ದೆಗಳೂ ಅಲ್ಲ, ಆ ಎತ್ತರದ ಗೋಡೆ. ಮರಣದಂಡನೆಗೆ ಗುರಿಯಾದವರನ್ನು ಇರಿಸುವ ಸ್ಥಳವೆಂದೇ ಪತ್ರಿಕೆಗಳು ಈ ಊರಿನ ಹೆಸರನ್ನು ಬರೆಯುತ್ತ ಬಂದಿವೆ. ಇದರಿಂದ ಬೇಸರಪಟ್ಟುಕೊಳ್ಳುವ ಕೆಲವರು ನಮ್ಮಲ್ಲಿದ್ದಾರೆ. ನಮಗೆ ಮಾತ್ರ, ಕಾಲದ ವಿಚಾರವನ್ನು ಎತ್ತಿಕೊಂಡ ಮೇಲೆ, ಆ ಗೋಡೆಯನ್ನು ಬಿಟ್ಟು ಮಾತನಾಡುವುದು ಸರಿಯೆನಿಸಲಿಲ್ಲ. ಏಕೆಂದರೆ ಕಾಲದಿಂದ ಶಿಕ್ಷಿಸುವ ಸ್ಥಳವೇ ಕಾರಾಗೃಹ. ಪ್ರಾಚೀನರು ಚಾಟಿಯಿಂದ ಹೊಡೆಯುತ್ತಿದ್ದರು, ಗಡೀಪಾರು ಮಾಡುತ್ತಿದ್ದರು. ಆಧುನಿಕ ಕಾನೂನು ಮನುಷ್ಯನ ವರ್ಷಗಳನ್ನು ತೆಗೆದುಕೊಳ್ಳುತ್ತದೆ: ಮೂರು ವರ್ಷ, ಹತ್ತು ವರ್ಷ, ಜೀವಾವಧಿ.

ಇಲ್ಲಿಯ ಗಡಿಯಾರದಲ್ಲಿಯೂ ಅಲ್ಲಿಯ ಗಡಿಯಾರದಲ್ಲಿಯೂ ಗಂಟೆಗೆ ಅರವತ್ತೇ ನಿಮಿಷ. ಆದರೂ ಎರಡೂ ಗಂಟೆಗಳು ಒಂದೇ ಅಳತೆಯವೆಂದು ಸೆರೆಯಲ್ಲಿದ್ದವನ ಮುಂದೆ ಹೇಳುವ ಧೈರ್ಯ ಯಾರಿಗಿದೆ? ಬಂದಿಗಳ ಸೇವೆಗೆಂದು ಹೋದಾಗ ಒಬ್ಬನು ನಮಗೆ ಹೇಳಿದ ಮಾತು ಇದು: “ಫಾದರ್, ಒಳಗೆ ದಿನ ಹೋಗೋದೇ ಇಲ್ಲ, ಆದರ ವರ್ಷ ಹೋಗಿದ್ದು ತಿಳಿಯಂಗಿಲ್ಲ.” ಅವನು ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವನಲ್ಲ. ಆದರೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರದ ಮಹಾಗ್ರಂಥದಲ್ಲಿ ಪುಟಗಟ್ಟಲೆ ವಿವರಿಸಿದ್ದು ಇದನ್ನೇ. ಬರಿದಾದ ಕಾಲವು ಕಳೆಯುವಾಗ ದೀರ್ಘವಾಗಿ ಕಾಣುತ್ತದೆ, ಹಿಂದಿರುಗಿ ನೋಡಿದಾಗ ಹ್ರಸ್ವವಾಗುತ್ತದೆ; ತುಂಬಿದ ಕಾಲವಾದರೋ ಕಳೆಯುವಾಗ ಶೀಘ್ರವಾಗಿ ಓಡುತ್ತದೆ, ನೆನಪಿನಲ್ಲಿ ಮಾತ್ರ ವಿಸ್ತಾರವಾಗಿ ನಿಲ್ಲುತ್ತದೆ. ಸೆರೆವಾಸಿಗೆ ಆಗುವ ನಷ್ಟ ಹೀಗೆ ಇಮ್ಮಡಿಯಾದದ್ದು. ದಿನಗಳು ಅವನನ್ನು ಹಿಂಡುತ್ತವೆ. ಕೊನೆಗೆ ಲೆಕ್ಕ ಹಾಕಿದರೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಮಿಷೆಲ್ ಸಿಫ್ರ್ ಎಂಬ ಫ್ರೆಂಚ್ ಭೂವಿಜ್ಞಾನಿಯು 1962ರ ಜುಲೈ ತಿಂಗಳಲ್ಲಿ ಗಡಿಯಾರವಿಲ್ಲದೆ, ಸೂರ್ಯನ ಬೆಳಕಿಲ್ಲದೆ, ಆಲ್ಪ್ಸ್ ಪರ್ವತದ ಒಂದು ಹಿಮಗುಹೆಗೆ ಇಳಿದನು. ಸೆಪ್ಟೆಂಬರ್ 14ರಂದು ಅವನ ಸಂಗಡಿಗರು ಅವಧಿ ಮುಗಿಯಿತೆಂದು ತಿಳಿಸಿದಾಗ ಅವನು ನಂಬಲಿಲ್ಲ. ಅವನ ಲೆಕ್ಕದಲ್ಲಿ ಅಂದು ಇನ್ನೂ ಆಗಸ್ಟ್ 20. ಎರಡು ತಿಂಗಳ ಅವಧಿಯಲ್ಲಿ ಇಪ್ಪತ್ತೈದು ದಿನಗಳು ಅವನ ಅರಿವಿಗೇ ಬಾರದೆ ಕರಗಿಹೋಗಿದ್ದವು. ಆತನು ಬುದ್ಧಿವಂತನು, ಆರೋಗ್ಯವಂತನು, ತಾನೇ ಇಚ್ಛಿಸಿ ಹೋದವನು. ಆದರೂ ಒಂದು ದಿನವನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತು ಇಲ್ಲದಿದ್ದರೆ ಮನಸ್ಸು ದಿನಗಳನ್ನು ಹಿಡಿದಿಡಲಾರದು.

ತಾನಾಗಿ ಇಚ್ಛಿಸದವನ ಕಥೆಯೇನು? 2022ರ ನವೆಂಬರ್ 4ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ನಮ್ಮ ಬೆಳಗಾವಿಯ ಕಾರಾಗೃಹಕ್ಕೇ ಸಂಬಂಧಿಸಿದ ಒಂದು ತೀರ್ಪನ್ನು ನೀಡಿತು. ಮರಣದಂಡನೆ ಹೊಂದಿದ ಒಬ್ಬ ಬಂದಿಯನ್ನು 2006ರಿಂದ ಸುಮಾರು ಹತ್ತು ವರ್ಷಗಳ ಕಾಲ ಏಕಾಂತ ಕೋಣೆಯಲ್ಲಿ ಇರಿಸಲಾಗಿತ್ತು. ಹೀಗೆ ಇರಿಸುವುದಕ್ಕೆ ಕಾನೂನಿನ ಆಧಾರವಿರಲಿಲ್ಲವೆಂದೂ ಅದು ಅವನ ಮನಸ್ಸಿನ ಮೇಲೆ ಕೇಡಿನ ಪರಿಣಾಮ ಮಾಡಿತೆಂದೂ ಕಂಡುಕೊಂಡ ನ್ಯಾಯಮೂರ್ತಿಗಳು, ಮರಣದಂಡನೆಯನ್ನು ಜೀವಾವಧಿಗೆ, ಕನಿಷ್ಠ ಮೂವತ್ತು ವರ್ಷಗಳ ಸೆರೆಗೆ, ಇಳಿಸಿದರು. ಅವನ ಅಪರಾಧವು ಘೋರವಾದದ್ದು. ಅದನ್ನು ಅನುಭವಿಸಿ ಪ್ರಾಣ ಬಿಟ್ಟವರ ಮನೆಯಲ್ಲಿಯೂ ಕಾಲವು ಆ ದಿನದಿಂದ ನಿಂತೇ ಇದೆ ಎಂಬುದನ್ನು ನಾವು ಮರೆಯಬಾರದು. ಆದರೆ ಆ ಹತ್ತು ವರ್ಷಗಳಲ್ಲಿ ಪ್ರತಿ ಭಾನುವಾರವೂ ನಾವು ಇಲ್ಲಿ ಬಲಿಪೂಜೆಗೆ ನೆರೆದಿದ್ದೆವು. ಹತ್ತು ಕ್ರಿಸ್ತಜಯಂತಿಗಳನ್ನು ಆಚರಿಸಿದೆವು, ಗೋದಲಿಗಳನ್ನು ಕಟ್ಟಿದೆವು, ಮಕ್ಕಳಿಗೆ ಪ್ರಥಮ ಪರಮಪ್ರಸಾದ ಕೊಟ್ಟೆವು. ನಮಗೆ ಹತ್ತು ವರ್ಷ. ಅದೇ ಊರಿನಲ್ಲಿ ಅವನಿಗೆ ಒಂದೇ ಒಂದು ಮುಗಿಯದ ದಿನ.

ಇನ್ನು ಸಂತ ಅಗಸ್ಟೀನರ ಬಳಿಗೆ ಹೋಗೋಣ. ‘ನಿವೇದನೆಗಳು’ ಎಂಬ ತಮ್ಮ ಆತ್ಮಚರಿತ್ರೆಯ ಹನ್ನೊಂದನೆಯ ಪುಸ್ತಕದಲ್ಲಿ ಅವರು ಕಾಲದ ಸಮಸ್ಯೆಯನ್ನು ಬಿಡಿಸಲು ಹೊರಟು, ಕಾಲವು ಆತ್ಮದ ಒಂದು ಚಾಚುವಿಕೆಯಿರಬಹುದೆಂಬ ನಿರ್ಣಯಕ್ಕೆ ಬರುತ್ತಾರೆ. ಕಳೆದದ್ದು ಈಗ ಇಲ್ಲ, ಆದರೆ ಸ್ಮೃತಿಯಾಗಿ ಇದೆ; ಬರುವುದು ಇನ್ನೂ ಇಲ್ಲ, ಆದರೆ ನಿರೀಕ್ಷೆಯಾಗಿ ಇದೆ; ಈಗಿನದು ಗಮನವಾಗಿ ಇದೆ. ಗುರುಮಠದಲ್ಲಿ ಇದನ್ನು ಓದುವಾಗ ತರುಣರಾದ ನಮಗೆ ಇದು ಕೇವಲ ತರ್ಕವಾಗಿ ಕಂಡಿತ್ತೆಂದು ಹೇಳಿದರೆ ತಪ್ಪಿಲ್ಲ. ಆ ವಯಸ್ಸಿನಲ್ಲಿ ಯಾರಿಗೂ ಕಾಲದ ಕೊರತೆಯಿರುವುದಿಲ್ಲವಷ್ಟೆ. ನಮ್ಮನ್ನು ಆಮೇಲೆ ಸೆಳೆದದ್ದು ಸಂತರು ಅಲ್ಲಿ ಕೊಡುವ ಉದಾಹರಣೆ. ಕಂಠಪಾಠವಾಗಿರುವ ಒಂದು ಕೀರ್ತನೆಯನ್ನು ಪಠಿಸುವವನನ್ನು ನೋಡಿ, ಎನ್ನುತ್ತಾರೆ ಅವರು. ಆರಂಭಕ್ಕೆ ಮುನ್ನ ಅವನ ನಿರೀಕ್ಷೆ ಇಡೀ ಕೀರ್ತನೆಯ ಮೇಲೆ ಹರಡಿರುತ್ತದೆ. ಪಠಿಸುತ್ತ ಹೋದಂತೆ ಒಂದೊಂದೇ ಪದವು ನಿರೀಕ್ಷೆಯಿಂದ ಸ್ಮೃತಿಗೆ ದಾಟುತ್ತದೆ. ದಾಟುವ ಸೇತುವೆ ಅವನ ಗಮನ. ಒಂದು ಕೀರ್ತನೆಗೆ ಹೇಗೋ ಇಡೀ ಜೀವಮಾನಕ್ಕೂ ಹಾಗೆಯೇ ಎಂದು ಅವರು ಮುಂದುವರಿಸುತ್ತಾರೆ. ಕಾಲದ ರಹಸ್ಯವನ್ನು ತೋರಿಸಲು ಅವರು ನದಿಯನ್ನೋ ಮರಳುಗಡಿಗೆಯನ್ನೋ ಆರಿಸಿಕೊಳ್ಳದೆ ಪ್ರಾರ್ಥನೆಯನ್ನು ಆರಿಸಿಕೊಂಡದ್ದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಈಗ ನಮ್ಮ ಮನೆಗಳ ಜಪಮಾಲೆಯನ್ನು ನೆನೆಯಿರಿ. “ಅದೇ ಪ್ರಾರ್ಥನೆಯನ್ನು ಐವತ್ತಮೂರು ಸಲ ಏಕೆ ಹೇಳಬೇಕು ಫಾದರ್? ಒಮ್ಮೆ ಹೇಳಿದರೆ ದೇವರಿಗೆ ಕೇಳಿಸುವುದಿಲ್ಲವೇ?” ಎಂದು ಯುವಕರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ದೇವರಿಗೆ ಕೇಳಿಸುತ್ತದೆ, ಕೇಳಿಸಬೇಕಾದದ್ದು ನಮಗೆ. ಮೊದಲ ದಶಕದಲ್ಲಿ ಒಲೆಯ ಮೇಲಿನ ಹಾಲು, ನಾಳಿನ ಬಾಡಿಗೆ, ಕೊಲ್ಲಿ ರಾಷ್ಟ್ರದಲ್ಲಿರುವ ಮಗನ ಫೋನು ಮನಸ್ಸಿನಲ್ಲಿ ಓಡಾಡುತ್ತಿರುತ್ತವೆ. ಮೂರನೆಯ ದಶಕದ ಹೊತ್ತಿಗೆ ಬೆರಳುಗಳು ಮಣಿಗಳ ವೇಗವನ್ನು ಹಿಡಿಯುತ್ತವೆ, ಉಸಿರು ಬೆರಳುಗಳನ್ನು ಹಿಡಿಯುತ್ತದೆ. ಕಾಲು ಗಂಟೆ ಹೋಯಿತೋ ಅರ್ಧ ಗಂಟೆಯೋ ಎಂಬುದು ಆಗ ಗೊತ್ತಾಗುವುದಿಲ್ಲ. ನಮ್ಮ ಧರ್ಮಕೇಂದ್ರದ ಅಜ್ಜಿಯಂದಿರು ಮುಂಜಾನೆ ಬಲಿಪೂಜೆಗೆ ಮುನ್ನ ಬಂದು ಕುಳಿತಿರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅವರು ಕಾಯುತ್ತಿದ್ದಾರೆಂದು ನೋಡುವವರಿಗೆ ಅನಿಸಬಹುದು. ಅವರಿಗೆ ಹಾಗೆ ಅನಿಸುವುದಿಲ್ಲ.

ಸೆರೆಮನೆಯಲ್ಲಿ ಈ ಅಭ್ಯಾಸ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿಗಳಿದ್ದಾರೆ. ಅಮೆರಿಕದ ಯೇಸುಸಭೆಯ ಗುರು ವಾಲ್ಟರ್ ಸಿಜೆಕ್ ಅವರನ್ನು 1941ರಲ್ಲಿ ಸೋವಿಯತ್ ಪೊಲೀಸರು ಬಂಧಿಸಿ ಮಾಸ್ಕೋದ ಲುಬ್ಯಾಂಕಾ ಸೆರೆಮನೆಗೆ ಒಯ್ದರು. ಅಲ್ಲಿ ವರ್ಷಗಟ್ಟಲೆ ಏಕಾಂತವಾಸ. ಆಗ ಅವರು ಮಾಡಿದ ಮೊದಲ ಕೆಲಸ ಗುರುಮಠದ ದಿನಚರಿಯನ್ನು ಆ ಕೋಣೆಯಲ್ಲಿ ಸ್ಥಾಪಿಸಿದ್ದು: ಏಳುವ ಹೊತ್ತಿಗೆ ಪ್ರಾರ್ಥನೆ, ಧ್ಯಾನ, ನೆನಪಿನಿಂದಲೇ ಬಲಿಪೂಜೆಯ ಮಂತ್ರಗಳು, ಹಲವು ಭಾಷೆಗಳಲ್ಲಿ ಜಪಮಾಲೆ. ದೂರದಿಂದ ಕ್ರೆಮ್ಲಿನ್ ಅರಮನೆಯ ಗಡಿಯಾರದ ಗಂಟೆ ಕೇಳಿಸುತ್ತಿತ್ತು. ಆ ನಾದಕ್ಕೆ ಅವರು ತ್ರಿಕಾಲ ಪ್ರಾರ್ಥನೆಯನ್ನು ಹೇಳುತ್ತಿದ್ದರು. ದೇವರಿಲ್ಲವೆಂದು ಸಾರುತ್ತಿದ್ದ ರಾಜ್ಯದ ಗಡಿಯಾರವು ಮಾತೆ ಮರಿಯಮ್ಮನವರ ಪ್ರಾರ್ಥನೆಗೆ ಗಂಟೆ ಬಾರಿಸಿತು! ಇಪ್ಪತ್ತಮೂರು ವರ್ಷಗಳ ರಷ್ಯಾವಾಸದ ನಂತರ 1963ರಲ್ಲಿ ಅವರು ಸ್ವದೇಶಕ್ಕೆ ಮರಳಿದರು.

ಎರಡನೆಯವರು ವಿಯೆಟ್ನಾಮಿನ ಪ್ರಧಾನ ಧರ್ಮಾಧ್ಯಕ್ಷ ಫ್ರಾನ್ಸಿಸ್ ಸೇವಿಯರ್ ವಾನ್ ಥುವಾನ್. ನಾವು ಮಾತೆಯ ಸ್ವರ್ಗಸ್ವೀಕಾರದ ಹಬ್ಬವನ್ನೂ ಸ್ವಾತಂತ್ರ್ಯದಿನವನ್ನೂ ಒಟ್ಟಿಗೆ ಆಚರಿಸುವ ಆಗಸ್ಟ್ 15ರಂದೇ, 1975ರಲ್ಲಿ, ಅವರ ಬಂಧನವಾಯಿತು. ಹದಿಮೂರು ವರ್ಷ ಸೆರೆ, ಅದರಲ್ಲಿ ಒಂಬತ್ತು ವರ್ಷ ಏಕಾಂತವಾಸ. ವಿಚಾರಣೆಯೂ ಇಲ್ಲ, ಆದ್ದರಿಂದ ಶಿಕ್ಷೆಯ ಅವಧಿಯೂ ಇಲ್ಲ; ಎಂದು ಮುಗಿಯುವುದೆಂದು ಎಣಿಸಲು ಆಧಾರವೇ ಇಲ್ಲ. ಬಿಡುಗಡೆಯ ದಿನಕ್ಕಾಗಿ ಕಾಯುವುದೇ ಇಂಥವನ ಉದ್ಯೋಗವಾಗಿಬಿಡುತ್ತದೆ. ಅವರು ಕಾಯುವುದಿಲ್ಲವೆಂದು ನಿಶ್ಚಯಿಸಿದರು. ಕೈಯಲ್ಲಿರುವ ಈ ಕ್ಷಣವನ್ನು ಪ್ರೀತಿಯಿಂದ ತುಂಬಿ ಬದುಕುವುದಷ್ಟೇ ತಮ್ಮ ಕೆಲಸವೆಂದು ತೀರ್ಮಾನಿಸಿಕೊಂಡರು. ಏಳು ವರ್ಷದ ಒಬ್ಬ ಹುಡುಗನಿಗೆ ಹೇಳಿ ಹಳೆಯ ಕ್ಯಾಲೆಂಡರುಗಳನ್ನು ತರಿಸಿಕೊಂಡು, ಅವುಗಳ ಹಾಳೆಗಳ ಬೆನ್ನಿನ ಮೇಲೆ ತಮ್ಮ ಜನರಿಗಾಗಿ ಚಿಕ್ಕ ಚಿಕ್ಕ ಸಂದೇಶಗಳನ್ನು ಬರೆದರು. ಕಳೆದುಹೋದ ದಿನಗಳ ಹಿಂಬದಿಯಲ್ಲಿ ಬರೆದದ್ದು! ಹೊಟ್ಟೆನೋವಿನ ಔಷಧವೆಂಬ ಚೀಟಿ ಹಚ್ಚಿದ ಸಣ್ಣ ಸೀಸೆಯಲ್ಲಿ ಭಕ್ತರು ದ್ರಾಕ್ಷಾರಸವನ್ನು ಕಳುಹಿಸಿದರು. ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು. ಅದೇ ಅವರ ಪಾನಪಾತ್ರೆ, ಅದೇ ಪೀಠ. 1988ರ ನವೆಂಬರ್ 21ರಂದು ಅವರ ಬಿಡುಗಡೆಯಾಯಿತು. 2001ರಲ್ಲಿ ಅವರು ಕಾರ್ಡಿನಲ್ ಆದರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಪ್ರಾರ್ಥನೆಯು ಕಾಲವನ್ನು ಚಿಕ್ಕದಾಗಿಸುವ ಮಾತ್ರೆಯೆಂದು ಯಾರೂ ಭಾವಿಸಬಾರದು. ದೇಹವೂ ಮನಸ್ಸೂ ಕುಸಿದು ಒಂದು ಪ್ರಾರ್ಥನೆಯನ್ನೂ ಹೇಳಲಾಗದ ದಿನಗಳಿದ್ದವೆಂದು ವಾನ್ ಥುವಾನ್ ಅವರೇ ಮುಂದೆ ನುಡಿದಿದ್ದಾರೆ. ಹದಿಮೂರು ವರ್ಷ ಅವರಿಗೂ ಹದಿಮೂರು ವರ್ಷವೇ ಆಗಿತ್ತು. ಅವು ಬರಿದಾಗಿರಲಿಲ್ಲ ಎಂಬುದೇ ವ್ಯತ್ಯಾಸ. ದಿನಕ್ಕೆ ಗುರುತುಗಳಿದ್ದವು. ಪ್ರತಿ ಗುರುತೂ ಆ ಕೋಣೆಯನ್ನು ಹೊರಗಿನ ಶ್ರೀಸಭೆಯ ದಿನದೊಡನೆ ಕೂಡಿಸುತ್ತಿತ್ತು.

ಇದು ನಮ್ಮವರದೇ ಗುತ್ತಿಗೆಯಲ್ಲ. ಮಹಾತ್ಮ ಗಾಂಧಿಯವರು 1922ರಲ್ಲಿ ಆರು ವರ್ಷಗಳ ಶಿಕ್ಷೆ ಪಡೆದು ಯರವಡಾ ಜೈಲಿಗೆ ಹೋದವರು, ಕಾಯಿಲೆಯ ಕಾರಣ 1924ರ ಫೆಬ್ರವರಿಯಲ್ಲಿ ಬಿಡುಗಡೆಯಾಗಿ, ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಸೊಂಟದಲ್ಲಿ ಗಡಿಯಾರ ತೂಗಿಸಿಕೊಂಡು ನಿಮಿಷ ನಿಮಿಷಕ್ಕೂ ಲೆಕ್ಕವಿಡುತ್ತಿದ್ದ ಆ ಮನುಷ್ಯರು ವಾರಕ್ಕೊಂದು ದಿನ, ಸೋಮವಾರ, ಮೌನಕ್ಕೆ ಮೀಸಲಿಟ್ಟಿದ್ದರು. 1930ರಲ್ಲಿ ಪುನಃ ಸೆರೆಯಾದಾಗ ಯರವಡಾವನ್ನು ಅವರು ಕರೆದದ್ದು ‘ಮಂದಿರ’ ಎಂದು. ಪ್ರತಿ ಮಂಗಳವಾರ ಮುಂಜಾನೆಯ ಪ್ರಾರ್ಥನೆಯ ನಂತರ ಆಶ್ರಮದವರಿಗೆ ಅಲ್ಲಿಂದ ಪತ್ರ ಬರೆಯುತ್ತಿದ್ದರು. ಆ ಪತ್ರಗಳ ಸಂಗ್ರಹಕ್ಕೆ ‘ಮಂಗಲ ಪ್ರಭಾತ’ ಎಂಬ ಹೆಸರು ಬಂದದ್ದು ಹೀಗೆ. ನಮ್ಮ ನೆರೆಹೊರೆಯಲ್ಲಿ ಇಷ್ಟಲಿಂಗ ಪೂಜೆಯನ್ನು ತಪ್ಪಿಸದ ಶರಣರಿದ್ದಾರೆ, ದಿನಕ್ಕೆ ಐದು ಹೊತ್ತು ನಮಾಜಿಗೆ ಅಂಗಡಿಯಿಂದ ಏಳುವ ಮುಸ್ಲಿಂ ಬಾಂಧವರಿದ್ದಾರೆ. ಅವರನ್ನು ಕಂಡು ನಾವು ನಾಚಿಕೊಳ್ಳಬೇಕಾದ ಸಂದರ್ಭಗಳೂ ಇಲ್ಲದಿಲ್ಲ.

“ಫಾದರ್, ಸಮಯವೇ ಇಲ್ಲ” ಎಂಬ ಮಾತನ್ನು ವಾರಕ್ಕೆ ಹತ್ತು ಸಲವಾದರೂ ಕೇಳುತ್ತೇವೆ. ಉದ್ಯಮಬಾಗದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನು ಹಾಗೆ ಹೇಳಿದರೆ ಅವನ ಮುಂದೆ ಉಪದೇಶ ಮಾಡುವ ಹಕ್ಕು ನಮಗಿಲ್ಲ. ಆದರೆ ಅಂಗೈಯಗಲದ ಫೋನಿನ ಮುಂದೆ ಸಂಜೆಯೆಲ್ಲ ಕಳೆದು ಮಲಗುವಾಗ ಏನು ನೋಡಿದೆನೆಂದು ನೆನಪಾಗದವರಿಗೆ ಸಿಫ್ರನ ಗುಹೆಯ ಕಥೆಯನ್ನು ಇನ್ನೊಮ್ಮೆ ಹೇಳಬಯಸುತ್ತೇವೆ. ಗೋಡೆಯ ಒಳಗಿನವರಿಗೆ ಕಾಲವೊಂದನ್ನು ಬಿಟ್ಟು ಬೇರೇನೂ ಇಲ್ಲ. ಹೊರಗಿನ ನಮಗೆ ಎಲ್ಲವೂ ಇದೆ, ಕಾಲವೊಂದೇ ಇಲ್ಲ. ಇದು ವಿಚಿತ್ರವಲ್ಲವೇ?

ನಮ್ಮ ಪೂರ್ವಿಕರು ಇದಕ್ಕೊಂದು ಉಪಾಯ ಮಾಡಿದ್ದರು. ಮುಂಜಾನೆ, ನಡುಮಧ್ಯಾಹ್ನ, ಸಂಜೆ ಗಂಟೆ ಬಾರಿಸಿದೊಡನೆ ಹೊಲದಲ್ಲಿದ್ದವನು ಹೊಲದಲ್ಲಿ, ಬಾವಿಯ ಬಳಿಯಿದ್ದವಳು ಬಾವಿಯ ಬಳಿ ನಿಂತು ತ್ರಿಕಾಲ ಪ್ರಾರ್ಥನೆ ಹೇಳುತ್ತಿದ್ದರು. ನಡುಮಧ್ಯಾಹ್ನದ ಗಂಟೆ ಬಾರಿಸಿ ಪ್ರಾರ್ಥಿಸಬೇಕೆಂದು ಜಗದ್ಗುರು ಮೂರನೆಯ ಕ್ಯಾಲಿಕ್ಸ್ಟಸ್ ಆಜ್ಞೆ ಹೊರಡಿಸಿದ್ದು 1456ರಷ್ಟು ಹಿಂದೆ. ಪ್ರಾರ್ಥನೆ ಎರಡು ಮೂರು ನಿಮಿಷದ್ದು. ಅದರ ವಿಷಯವಾದರೋ ಅನಾದಿಯಾದ ದೇವರು ನಜರೇತಿನ ಒಂದು ಮನೆಯಲ್ಲಿ, ಒಂದು ದಿನ, ಒಂದು ಗಳಿಗೆಯಲ್ಲಿ ನಮ್ಮ ಕಾಲದೊಳಗೆ ಪ್ರವೇಶಿಸಿದ್ದು. ಕಾಲವು ಪರಿಪಕ್ವವಾದಾಗ ಎಂದು ಸಂತ ಪೌಲರು ಹೇಳುವುದು ಅದನ್ನೇ. ಕ್ರೈಸ್ತನಿಗೆ ಆ ಗಳಿಗೆಯಿಂದೀಚೆಗೆ ಯಾವ ಗಳಿಗೆಯೂ ಬರಿದಲ್ಲ.

ಜಗತ್ತಿನ ಕಚೇರಿಗಳ ಗೋಡೆಯ ಮೇಲೆ ತೂಗುವ ಕ್ಯಾಲೆಂಡರೂ ಪ್ರಾರ್ಥನೆಗಾಗಿಯೇ ತಿದ್ದಲ್ಪಟ್ಟದ್ದೆಂಬುದನ್ನು ಅನೇಕರು ಅರಿಯರು. ಪಾಸ್ಖ ಹಬ್ಬವು ತನ್ನ ಋತುವಿನಿಂದ ಜಾರುತ್ತಿದ್ದುದರಿಂದ ಹದಿಮೂರನೆಯ ಗ್ರೆಗರಿಯವರು 1582ರಲ್ಲಿ ಹತ್ತು ದಿನಗಳನ್ನು ತೆಗೆದುಹಾಕಿದರು. ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಬಂದಿತು. ಅವಿಲಾದ ಸಂತ ತೆರೇಸರು ತೀರಿಕೊಂಡದ್ದು ಅದೇ ರಾತ್ರಿ. ಅದಕ್ಕಾಗಿಯೇ ಅವರ ಹಬ್ಬ 15ರಂದು. ಇದು ಪ್ರಾಸಂಗಿಕ ಮಾತು, ಇರಲಿ.

ಜೂಬಿಲಿಯ ವಿಚಾರ ಹೇಳಿ ಮುಗಿಸುತ್ತೇವೆ. ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯದ ಪ್ರಕಾರ ಐವತ್ತನೆಯ ವರ್ಷ ಕೊಂಬನ್ನು ಊದಬೇಕು. ಆಗ ಮಾರಿದ ಭೂಮಿ ಒಡೆಯನಿಗೆ ಮರಳಬೇಕು, ದುಡಿಮೆಗೆ ಮಾರಿಕೊಂಡವನು ಮನೆಗೆ ಮರಳಬೇಕು. ಜಗದ್ಗುರು ಎಂಟನೆಯ ಬೊನಿಫೇಸ್ 1300ರಲ್ಲಿ ಶ್ರೀಸಭೆಯ ಜೂಬಿಲಿಯನ್ನು ಘೋಷಿಸಿದಾಗ ಅದು ನೂರು ವರ್ಷಕ್ಕೊಮ್ಮೆ ಬರಬೇಕೆಂದಿದ್ದರು. ಮನುಷ್ಯನ ಆಯುಸ್ಸು ಅಷ್ಟಿಲ್ಲ, ಬಹುಮಂದಿ ಅದನ್ನು ಕಾಣದೆಯೇ ಸಾಯುವರೆಂದು ಆರನೆಯ ಕ್ಲೆಮೆಂಟರು ಅದನ್ನು ಐವತ್ತಕ್ಕೆ ಇಳಿಸಿದರು. ಎರಡನೆಯ ಪೌಲರು 1470ರಲ್ಲಿ ಇಪ್ಪತ್ತೈದಕ್ಕೆ. ನಮ್ಮ ಈ ಶತಮಾನೋತ್ಸವವನ್ನು ಕಂಡ ಯಾರೂ ಮುಂದಿನದನ್ನು ಕಾಣಲಾರರು. ಇಂದು ಜ್ಞಾನಸ್ನಾನ ಪಡೆದ ಕೂಸು ಬಹುಶಃ ಕಂಡೀತು.

2025ರ ಜೂಬಿಲಿ ವರ್ಷದ ಆರಂಭದಲ್ಲಿ, 2024ರ ಡಿಸೆಂಬರ್ 26ರಂದು, ಜಗದ್ಗುರು ಫ್ರಾನ್ಸಿಸರು ರೋಮಿನ ರೆಬಿಬಿಯಾ ಕಾರಾಗೃಹಕ್ಕೆ ಹೋಗಿ ಅಲ್ಲಿ ಪವಿತ್ರ ದ್ವಾರವನ್ನು ತೆರೆದರು. ಸಂತ ಪೇತ್ರರ ಮಹಾದೇವಾಲಯದ ದ್ವಾರದ ನಂತರ ಎರಡನೆಯದಾಗಿ ತೆರೆದದ್ದು ಸೆರೆಮನೆಯ ದ್ವಾರ. ಅದರ ಮರುವರ್ಷ ಏಪ್ರಿಲ್ 21ರಂದು ಅವರು ಕರ್ತನಲ್ಲಿ ನಿದ್ರೆಹೋದರು. ಹಿಂಡಲಗಾದ ಕ್ರೈಸ್ತರಾದ ನಮಗೆ ಆ ಕಾರ್ಯದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ನಮ್ಮ ದೇಶದ ಕಾರಾಗೃಹಗಳಲ್ಲಿ 2022ರ ಕೊನೆಗೆ ಇದ್ದ ಐದು ಲಕ್ಷ ಎಪ್ಪತ್ತುಮೂರು ಸಾವಿರ ಬಂದಿಗಳ ಪೈಕಿ ನೂರಕ್ಕೆ ಸುಮಾರು 76 ಮಂದಿ ವಿಚಾರಣಾಧೀನರು. ಅವರಿಗೆ ಶಿಕ್ಷೆಯೇ ಆಗಿಲ್ಲ. ಎಂದು ಮುಗಿಯುತ್ತದೆಂದು ಎಣಿಸಲು ದಿನಾಂಕವೂ ಇಲ್ಲ. ಜಾಮೀನು ದೊರೆತರೂ ಹೊಣೆ ನಿಲ್ಲುವವರಿಲ್ಲದೆ ಒಳಗೇ ಉಳಿದ ಬಡವರೂ ಅವರಲ್ಲಿದ್ದಾರೆ. ಭಾರತದ ಶ್ರೀಸಭೆಯಲ್ಲಿ 1981ರಿಂದ ನಡೆದು ಬಂದಿರುವ ಕಾರಾಗೃಹ ಸೇವಾಕಾರ್ಯವು ಇಂಥವರ ಬಳಿಗೆ ಹೋಗುತ್ತಿದೆ. ಶತಮಾನೋತ್ಸವಕ್ಕೆ ಸಂಗ್ರಹವಾದ ಹಣದಲ್ಲಿ ದೀಪಾಲಂಕಾರ ಮತ್ತು ಬ್ಯಾಂಡಿನ ಪಾಲನ್ನು ಅರ್ಧಕ್ಕೆ ಇಳಿಸಿ, ಉಳಿದದ್ದನ್ನು ಈ ಬಡ ವಿಚಾರಣಾಧೀನರ ಜಾಮೀನಿನ ಖರ್ಚಿಗೆ, ವಕೀಲರ ಸಲಹೆ ಪಡೆದು, ಮೀಸಲಿಡಬೇಕೆಂದು ನಾವು ಧರ್ಮಕೇಂದ್ರದ ಪಾಲನಾ ಸಮಿತಿಯ ಮುಂದೆ ಕೇಳಿದ್ದೇವೆ. ಬ್ಯಾಂಡು ಬೇಕೆನ್ನುವವರ ಮಾತನ್ನೂ ಕೇಳಿದ್ದೇವೆ. ಮುಂದಿನ ಭಾನುವಾರ ಬಲಿಪೂಜೆಯ ನಂತರ ನೀವೆಲ್ಲರೂ ಸೇರಿ ತೀರ್ಮಾನಿಸುವಿರಿ.

ಇನ್ನೊಂದು ಕೋರಿಕೆ ಖರ್ಚಿಲ್ಲದ್ದು. ಈ ಜೂಬಿಲಿ ವರ್ಷದುದ್ದಕ್ಕೂ ಮಧ್ಯಾಹ್ನ ಹನ್ನೆರಡಕ್ಕೆ ತ್ರಿಕಾಲ ಪ್ರಾರ್ಥನೆಯ ಗಂಟೆಯನ್ನು ತಪ್ಪದೆ ಬಾರಿಸಬೇಕು. ಕೇಳಿಸಿದವರು ಇದ್ದಲ್ಲಿಯೇ ನಿಂತು, ಗೋಡೆಯ ಒಳಗಿನವರನ್ನೂ ಅವರಿಂದ ನೊಂದವರನ್ನೂ ನೆನೆದು ಪ್ರಾರ್ಥಿಸಬೇಕು. ವಿದ್ಯುತ್ ಗಂಟೆ ಹಾಕಿಸೋಣವೆಂದು ಕೆಲವರ ಸಲಹೆ. ಬೇಡ. ಹಗ್ಗವನ್ನು ಒಬ್ಬ ಮನುಷ್ಯನೇ ಬಂದು ಎಳೆಯಲಿ. ವಾರಕ್ಕೊಂದು ಕುಟುಂಬದಂತೆ ಸರದಿ ಹಾಕಿಕೊಂಡಿದ್ದೇವೆ. ಪಟ್ಟಿಯು ದೇವಾಲಯದ ಬಾಗಿಲ ಬಳಿ ಇದೆ, ಪೆನ್ನನ್ನೂ ಅಲ್ಲಿಯೇ ಕಟ್ಟಿದ್ದೇವೆ. ಆಗಸ್ಟ್ ತಿಂಗಳ ನಾಲ್ಕು ವಾರಗಳಿಗೆ ಇನ್ನೂ ಯಾರೂ ಹೆಸರು ಬರೆದಿಲ್ಲ.